ಓಣಿಗೆಲ್ಲ ಸೊಂಟ ಹಿಡಿದ ದಿನ

ಪಕ್ಕದ ಮನೆಯವರ ಮೇಲೆ ಎಷ್ಟು ಪ್ರೀತಿ ಇಟ್ಟುಕೊಳ್ಳಬೇಕು ಅನ್ನುವುದಕ್ಕೆ ನಮ್ಮ ಓಣಿಯಲ್ಲಿ ಒಂದು ಅಳತೆ ಇದೆ. ಒಂದು ಅಡಿ. ಬೆಳಿಗ್ಗೆ ನಿಮ್ಮ ಮನೆ ಮುಂದೆ ಗುಡಿಸುತ್ತಾ ಬರುತ್ತೀರಿ, ಗಡಿ ಬರುತ್ತದೆ. ಅಲ್ಲಿಗೇ ನಿಲ್ಲಿಸಿದರೆ ನೀವು ಜುಗ್ಗರು. ಗಡಿ ದಾಟಿ ಪಕ್ಕದವರ ಬಾಗಿಲವರೆಗೂ ಗುಡಿಸಿಬಿಟ್ಟರೆ, 'ಸೋಮಾರಿಗಳಾ, ನಿಮ್ಮ ಕಸವನ್ನೂ ನಾನೇ ಬಳಿಯಬೇಕಾಯಿತು' ಎಂದು ತಮಟೆ ಹೊಡೆದು ಸಾರಿದ ಹಾಗೆ. ಗಡಿ ದಾಟಿ ಒಂದೇ ಒಂದು ಅಡಿ ಗುಡಿಸಬೇಕು, ಪೊರಕೆ ಎತ್ತಬೇಕು, ಒಳಗೆ ಹೋಗಬೇಕು. ಆ ಕಡೆಯವರೂ ನಮ್ಮ ಕಡೆಗೆ ಒಂದಡಿ ಬರುತ್ತಾರೆ. ಹೀಗಾಗಿ ಪ್ರತಿ ಎರಡು ಮನೆಗಳ ನಡುವಿನ ಎರಡಡಿ ನೆಲ ದಿನಕ್ಕೆ ಎರಡು ಸಲ ಗುಡಿಸಿಕೊಂಡು ಫಳಫಳ ಹೊಳೆಯುತ್ತದೆ. ಬಾಗಿಲ ಮುಂದೆ ಕಸ ಇದ್ದರೂ ಇದ್ದೀತು, ಗಡಿಯಲ್ಲಿ ಇರುವುದಿಲ್ಲ. ನಾವು ಕ್ಯೋಟೋದವರು ಇದನ್ನು ಯಾರಿಗೂ ಹೇಳಿಕೊಡುವುದಿಲ್ಲ. ಗೊತ್ತಿಲ್ಲದವರನ್ನು ನೋಡಿ ಒಳಗೊಳಗೇ ನಗುತ್ತೇವೆ, ಅಷ್ಟೆ.

ನನ್ನ ಹೆಸರು ಮಿಸಾವೊ, ವಯಸ್ಸು ಐವತ್ತೊಂಬತ್ತು. ಓಣಿಯ ಮೇಲಿನಿಂದ ಎರಡನೆಯ ಮನೆಯಲ್ಲಿರುವ ಇಬುಕಾ ಕ್ಷೌರದಂಗಡಿ ನನ್ನದು. ಅಪ್ಪನದಾಗಿತ್ತು, ಅದಕ್ಕೂ ಮುಂಚೆ ತಾತನದು, ಈಗ ಮಗಳಾದ ನನ್ನ ಕೈಗೆ ಬಂದಿದೆ. ದಿನವಿಡೀ ಊರಿನವರ ಕೂದಲು ಗುಡಿಸುತ್ತೇನೆ, ಬೆಳಿಗ್ಗೆ ಎದ್ದ ತಕ್ಷಣ ಮರದ ಎಲೆ ಗುಡಿಸುತ್ತೇನೆ. ಉದುರುವುದೇ ಜಗತ್ತಿನ ಧರ್ಮ, ಗುಡಿಸುವುದು ನನ್ನ ಕರ್ಮ.

ಮರ ಅಂದೆನಲ್ಲ, ಅದು ಗಿಂಕೊ ಮರ. ಅಂಗಡಿಯ ಮುಂದಿನ ಅಂಗೈಯಗಲದ ಅಂಗಳದಲ್ಲಿ ನಿಂತಿದೆ. ತಾತ ಅದನ್ನು ಗಂಡು ಸಸಿ ಎಂದು ನಂಬಿ ತಂದ. ಗಿಂಕೊದಲ್ಲಿ ಗಂಡು ಮರ ಇರುತ್ತದೆ, ಹೆಣ್ಣು ಮರ ಇರುತ್ತದೆ. ಹೆಣ್ಣು ಮರ ಹಣ್ಣು ಬಿಡುತ್ತದೆ, ಆ ಹಣ್ಣು ಬಿದ್ದು ಒಡೆದರೆ ಕುಡಿದವನು ಕಕ್ಕಿದ ವಾಸನೆ. ಗಂಡೋ ಹೆಣ್ಣೋ ಎಂದು ಗೊತ್ತಾಗಬೇಕಾದರೆ ಇಪ್ಪತ್ತು ಮೂವತ್ತು ವರ್ಷ ಕಾಯಬೇಕು. ತಾತ ಇಪ್ಪತ್ತಾರು ವರ್ಷ ಕಾದ. ಒಂದು ಅಕ್ಟೋಬರ್‌ನಲ್ಲಿ ಗಿರಾಕಿಯೊಬ್ಬರ ಗಡ್ಡ ಹೆರೆಯುತ್ತಿದ್ದಾಗ ವಾಸನೆ ಬಂತಂತೆ. ತಾತ ಗಿರಾಕಿಯನ್ನು ನೋಡಿದ, ಗಿರಾಕಿ ತಾತನನ್ನು ನೋಡಿದ. ಇಬ್ಬರೂ ಮರ್ಯಾದಸ್ಥರು, ಏನೂ ಅನ್ನಲಿಲ್ಲ. ಆಮೇಲೆ ಅಜ್ಜಿ ಹೊರಗೆ ಹೋಗಿ ನೋಡಿಕೊಂಡು ಬಂದು, "ಗಂಡು ಅಂತ ಈ ಮನೆಗೆ ತಂದಿದ್ದು ಯಾವುದು ತಾನೆ ಗಂಡಾಗಿ ನಿಂತಿದೆ" ಅಂದಳಂತೆ. ಇವತ್ತಿಗೂ ಅಕ್ಟೋಬರ್ ಬಂತೆಂದರೆ ನನ್ನ ಅಂಗಡಿಯಲ್ಲಿ ಸಾಲಾಗಿ ಕೂತ ಗಿರಾಕಿಗಳು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.

ಹಣ್ಣಿನ ಕಾಟ ಮುಗಿಯಿತು ಅನ್ನುವಷ್ಟರಲ್ಲಿ ಎಲೆ ಶುರು. ಬೀಸಣಿಗೆಯ ಆಕಾರದ ಹಳದಿ ಎಲೆ. ಓಣಿ ಇಳಿಜಾರು, ಹಾಗಾಗಿ ನನ್ನ ಎಲೆ ಕೆಳಗಿನ ಐದೂ ಮನೆಗಳ ಮುಂದೆ ಹೋಗಿ ಕೂರುತ್ತದೆ. ಮರ ಇಟ್ಟುಕೊಂಡ ತಪ್ಪಿಗೆ ಪ್ರತಿ ನವೆಂಬರ್ ಮೊದಲ ವಾರ ಮನೆಮನೆಗೆ ಒಂದೊಂದು ಡಬ್ಬಿ ಸಿಹಿ ಹಿಡಿದುಕೊಂಡು ಹೋಗುತ್ತೇನೆ. "ಈ ಸಲವೂ ನಮ್ಮ ಮರದಿಂದ ತೊಂದರೆ" ಎಂದು ಬಗ್ಗುತ್ತೇನೆ. "ಅಯ್ಯೋ, ತೊಂದರೆ ಏನು ಬಂತು" ಎಂದು ಅವರು ಬಗ್ಗುತ್ತಾರೆ. ಡಬ್ಬಿ ಕೊಳ್ಳುವುದು ಓಣಿಯ ಬುಡದ ಒಗಿನೊ ಮಿಠಾಯಿ ಅಂಗಡಿಯಲ್ಲೇ. ಒಂದು ಡಬ್ಬಿಯನ್ನು ಒಗಿನೊವಿನಿಂದ ಕೊಂಡು ಒಗಿನೊವಿಗೇ ಕೊಟ್ಟು ಬರುತ್ತೇನೆ. ಆತನೂ ಮೊದಲ ಸಲ ನೋಡಿದವನ ಹಾಗೆ, "ಓಹೋ, ಇದೇನಿದು" ಅನ್ನುತ್ತಾನೆ.

ಇಷ್ಟೆಲ್ಲ ಬೈದೆ. ಆದರೂ ಈಗಲೇ ಹೇಳಿಬಿಡುತ್ತೇನೆ, ನನಗೆ ಆ ಮರ ಎಂದರೆ ಪ್ರಾಣ. ನವೆಂಬರ್ ಕೊನೆಯ ಹತ್ತು ದಿನ ಎಲೆಯೆಲ್ಲ ಹಣ್ಣಾದಾಗ, ಬೆಳಿಗ್ಗೆಯ ಬಿಸಿಲು ಅದರೊಳಗಿಂದ ಸೋಸಿ ಬಂದು ನನ್ನ ಮೂರು ಕನ್ನಡಿಗಳಲ್ಲೂ ತುಂಬಿಕೊಳ್ಳುತ್ತದೆ. ಎಪ್ಪತ್ತು ದಾಟಿದ ಗಂಡಸರು ಕುರ್ಚಿಯಲ್ಲಿ ಕೂತು ತಮ್ಮ ಮುಖ ತಾವೇ ನೋಡಿಕೊಂಡು ಸುಮ್ಮನಾಗುತ್ತಾರೆ. ಆ ಹತ್ತು ದಿನ ನನ್ನ ಕನ್ನಡಿಯಲ್ಲಿ ಯಾರೂ ಮುದುಕರಲ್ಲ, ನಾನೂ ಅಲ್ಲ. ಇದನ್ನು ನಾನು ಯಾರ ಹತ್ತಿರವೂ ಹೇಳಿದವಳಲ್ಲ. ಮರದಿಂದ ಊರಿಗೆ ತೊಂದರೆ ಕೊಡುವವಳು ಮರದಿಂದ ತನಗೆ ಸುಖ ಇದೆ ಎಂದು ಹೇಳಿಕೊಂಡರೆ ಕೇಳುವವರಿಗೆ ಹೇಗಿರುತ್ತದೆ.

ನನ್ನ ಮೇಲಿನ ಮನೆ, ಅಂದರೆ ಓಣಿಯ ತುದಿಯ ಮನೆ, ಮುರೋಯಾ ಅಜ್ಜಿಯದು. ಎಪ್ಪತ್ತೊಂಬತ್ತು ವರ್ಷ, ಮಗ ಸೊಸೆ ಮೊಮ್ಮಕ್ಕಳನ್ನೆಲ್ಲ ಒಂದೇ ಹುಬ್ಬಿನಲ್ಲಿ ಆಳುವ ಹೆಂಗಸು. ಓಣಿಯನ್ನೂ ಅಷ್ಟೆ. ಬೆಳಿಗ್ಗೆ ಆರಕ್ಕೆ ಅಜ್ಜಿಯ ಪೊರಕೆಯ ಸದ್ದು ಬರಬೇಕು, ಆಮೇಲೆ ನನ್ನದು, ಆಮೇಲೆ ಕೆಳಗಿನವರದು. ಅಜ್ಜಿಗಿಂತ ಮುಂಚೆ ಗುಡಿಸುವ ಧೈರ್ಯ ಯಾರಿಗೂ ಇಲ್ಲ. ಒಂದಡಿಯ ಕಟ್ಟಳೆಯಲ್ಲಿ ಅಜ್ಜಿಯಷ್ಟು ಕರಾರುವಾಕ್ಕು ಯಾರೂ ಇಲ್ಲ, ಗಿಂಕೊ ಹಣ್ಣು ಬೀಳುವ ಹದಿನೈದು ದಿನ ಬಿಟ್ಟು. ಆಗ ಅಜ್ಜಿಯ ಅಡಿ ಮೂರು ಅಡಿ ಉದ್ದವಾಗುತ್ತದೆ. ಬೀಜ ಆರಿಸಿಕೊಂಡು ಹೋಗಿ, ತೊಳೆದು, ಉಪ್ಪು ಹಾಕಿ ಹುರಿದು, ಒಂದು ಪುಟ್ಟ ಬಟ್ಟಲಲ್ಲಿ ನನಗೂ ಕಳಿಸುತ್ತಾಳೆ. ನನ್ನ ಮರದ ಬೀಜಕ್ಕೆ ನಾನು ಅವಳ ಮನೆಗೆ ಹೋಗಿ ಉಪಕಾರ ಹೇಳಿ ಬರುತ್ತೇನೆ.

ನನ್ನ ಕೆಳಗಿನ ಮನೆ ಎರಡು ವರ್ಷ ಖಾಲಿ ಇತ್ತು. ಏಪ್ರಿಲ್‌ನಲ್ಲಿ ಕುರೊಸು ಮೇಷ್ಟ್ರು ಬಂದ. ಮೂವತ್ತನಾಲ್ಕು ವರ್ಷ, ಶಾಲೆಯಲ್ಲಿ ಆಟ ಕಲಿಸುವ ಮೇಷ್ಟ್ರು, ಉತ್ತರದ ಹಿಮದ ನಾಡಿನವನು. ಕೊರಳಲ್ಲಿ ಸದಾ ಪೀಪಿ. ಮಾತಾಡಿದರೆ ಮೈದಾನದ ಆ ಕೊನೆಯಲ್ಲಿ ನಿಂತವರಿಗೂ ಕೇಳಬೇಕು. ಬೇಸಿಗೆಯಲ್ಲಿ ಉದುರುವುದು ಏನೂ ಇರಲಿಲ್ಲ, ಹಾಗಾಗಿ ಅವನ ಗುಣ ನಮಗೆ ಗೊತ್ತಾಗಲಿಲ್ಲ.

ನವೆಂಬರ್ ಎರಡನೆಯ ವಾರ ಒಂದು ಬೆಳಿಗ್ಗೆ ಆರೂ ಐದಕ್ಕೆ ನಾನು ಪೊರಕೆ ಹಿಡಿದು ಬಾಗಿಲು ತೆಗೆದರೆ, ನನ್ನ ಮನೆಯ ಮುಂದೆ ಒಂದು ಎಲೆ ಇಲ್ಲ. ನೆಲದ ಮೇಲೆ ಪೊರಕೆಯ ಗೀರು ಕೂಡ ಚೆಂದ ಸಾಲಾಗಿತ್ತು. ಕೆಳಗೆ ನೋಡಿದೆ. ಒಗಿನೊವಿನ ಅಂಗಡಿಯವರೆಗೆ ಓಣಿ ಬೋಳಿಸಿದ ತಲೆಯ ಹಾಗೆ ನುಣ್ಣಗಿತ್ತು. ಆ ತುದಿಯಲ್ಲಿ ಕುರೊಸು ನಿಂತು ಬೆವರು ಒರೆಸಿಕೊಳ್ಳುತ್ತಿದ್ದ.

"ನಮಸ್ಕಾರ ಇಬುಕಾ ಅವರೇ, ಎಲ್ಲಾ ಮುಗಿಸಿಬಿಟ್ಟೆ, ನೀವು ಮಲಕ್ಕೊಳ್ಳಿ" ಎಂದು ಅಲ್ಲಿಂದಲೇ ಕೂಗಿದ.

ನೀವು ಮಲಗಿಕೊಳ್ಳಿ. ಓಣಿಯ ಮಿಕ್ಕ ಐದೂ ಮನೆಗಳ ಜಾಲರಿ ಕಿಟಕಿಯ ಹಿಂದೆ ಐದೂ ಮನೆಯವರು ನಿಂತಿದ್ದಾಗ. ನನ್ನ ಕಿವಿ ಸುಟ್ಟುಹೋಯಿತು. ಅಷ್ಟರಲ್ಲಿ ಪಕ್ಕದ ಬಾಗಿಲು ಸರಿಯಿತು. ಮುರೋಯಾ ಅಜ್ಜಿ ನನ್ನನ್ನು ಹುಟ್ಟಿದಾಗಿನಿಂದ ಕಂಡವಳು, ಏಕವಚನದಲ್ಲೇ ಕರೆಯುವವಳು. ಆವತ್ತು ಬಹುವಚನ ಬಂತು.

"ಮಿಸಾವೊ ಅವರು ಈಗ ಎದ್ರಾ. ಒಳ್ಳೆ ನಿದ್ದೆ ಬರುತ್ತಲ್ಲ ನಿಮಗೆ, ಪುಣ್ಯವಂತರು."

"ಇಲ್ಲ ಅಜ್ಜಿ, ನಾನು ಆರು ಗಂಟೆಗೇ..."

"ಹೊಸ ಮೇಷ್ಟ್ರು ಎಷ್ಟು ಒಳ್ಳೆಯವರು ನೋಡಿ. ಬೇರೆಯವರ ಮರದ ಎಲೆ, ತಮ್ಮದೇ ಅನ್ನೋ ಹಾಗೆ ಬಳೀತಾರೆ."

ಇದಕ್ಕಿಂತ ಕಪಾಳಕ್ಕೆ ಎರಡು ಬಾರಿಸಿದ್ದರೆ ವಾಸಿಯಿತ್ತು. ನನಗೆ ಅರ್ಥವಾದದ್ದು ಇಷ್ಟು: ಮೇಷ್ಟ್ರಿಗೆ ನನ್ನ ಮರ ಕಣ್ಣಲ್ಲಿ ಚುಚ್ಚುತ್ತಿದೆ, ಅದನ್ನು ಬಾಯಲ್ಲಿ ಹೇಳದೆ ಪೊರಕೆಯಲ್ಲಿ ಹೇಳಿದ್ದಾನೆ. ಓಣಿಯೂ ಅದನ್ನು ಹಾಗೇ ಓದಿಕೊಂಡಿದೆ. ಕ್ಯೋಟೋದವರಿಗೆ ಬರುವ ಓದು ಇದೊಂದೇ.

ಸಂಜೆ ಸಿಹಿಯ ಇನ್ನೊಂದು ಡಬ್ಬಿ ತೆಗೆದುಕೊಂಡು ಅವನ ಮನೆಗೆ ಹೋದೆ. ದೊಡ್ಡ ಡಬ್ಬಿ. ಇದರ ಅರ್ಥ 'ತಪ್ಪಾಯಿತು, ಇನ್ನು ಮುಂದೆ ದಯವಿಟ್ಟು ನನ್ನ ಬಾಗಿಲಿಗೆ ಬರಬೇಡ' ಎಂದು. ನಮ್ಮ ಓಣಿಯ ಬೆಕ್ಕಿಗೂ ತಿಳಿಯುವ ವಿಷಯ. ಅವನು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ತುಂಬಿಕೊಂಡ.

"ಈ ಊರಲ್ಲಿ ಯಾರೂ ನನ್ನ ಮಾತಾಡ್ಸಲ್ಲ ಅಂದ್ಕೊಂಡಿದ್ದೆ ಅಮ್ಮಾ. ನೀವು ಮನೆಗೇ ಎರಡೆರಡು ಸಲ ಬಂದ್ರಿ."

ಮಾರನೆಯ ಬೆಳಿಗ್ಗೆ ನನ್ನ ಬಾಗಿಲಲ್ಲಿ ಸೇಬಿನ ಪೆಟ್ಟಿಗೆ ಇತ್ತು, ಎರಡು ಕೈಯಿಂದ ಎತ್ತಲಾಗದಷ್ಟು. ಓಣಿ ಮತ್ತೆ ತುದಿಯಿಂದ ಬುಡಕ್ಕೆ ನುಣ್ಣಗೆ. ಅಜ್ಜಿಯನ್ನೂ ಲೆಕ್ಕಿಸದೆ ನಾನು ಅರ್ಧ ಗಂಟೆ ಮುಂಚೆ ಏಳತೊಡಗಿದೆ. ಅವನು ಅದನ್ನು ನೋಡಿ ಪಂದ್ಯ ಅಂದುಕೊಂಡನೋ ಏನೋ, ಮುಕ್ಕಾಲು ಗಂಟೆ ಮುಂಚೆ ಎದ್ದ. ಊರಿಗೆ ಉಪಕಾರ ಮಾಡಬೇಡ, ಹೆಣಕ್ಕೆ ಶೃಂಗಾರ ಮಾಡಬೇಡ ಅನ್ನುತ್ತಾರೆ. ಇವನು ಎರಡನ್ನೂ ಮಾಡುವ ಪೈಕಿ.

ಒಂದು ಭಾನುವಾರ ಗಿರಾಕಿಯ ಕಿವಿಯ ಹಿಂದೆ ಕತ್ತಿ ಇಟ್ಟಿದ್ದೆ. ತಲೆಯ ಮೇಲೆ ದಡಬಡ ಸದ್ದು. ಹೊರಗೆ ಬಂದು ನೋಡಿದರೆ ಕುರೊಸು ಏಣಿ ಹಾಕಿಕೊಂಡು ನನ್ನ ಸೂರಿನ ನೀರು ಹೋಗುವ ದೋಣಿಯಿಂದ ಎಲೆ ಬಾಚಿ ಬಾಚಿ ಕೆಳಗೆ ಹಾಕುತ್ತಿದ್ದಾನೆ. ಕೆಳಗೆ ಒಗಿನೊ ನಿಂತು ನೋಡುತ್ತಿದ್ದಾನೆ. ಮೇಲಿನ ಮನೆಯ ಕಿಟಕಿಯಲ್ಲಿ ಅಜ್ಜಿ.

"ಅಬ್ಬಾ, ಎಷ್ಟು ಎಲೆ ಉದುರಿಸುತ್ತೆ ಅಮ್ಮಾ ನಿಮ್ಮ ಮರ" ಅಂದ ಅವನು ಏಣಿಯ ಮೇಲಿಂದ, ಊರಿಗೆಲ್ಲ ಕೇಳುವ ಹಾಗೆ. "ನಾನು ಎಲ್ಲೂ ನೋಡಿಲ್ಲ ಇಂಥದ್ದು."

ಮುಗಿಯಿತು. ಒಳಗೆ ಹೋಗಿ ಗಿರಾಕಿಯ ಗಡ್ಡ ಮುಗಿಸಿ, ಆತ ಹೋದ ಮೇಲೆ ಫೋನು ತೆಗೆದುಕೊಂಡು ತೋಟಗಾರ ಇನಾಬಾನಿಗೆ ಮಾಡಿ, ಮರ ಕಡಿಯಬೇಕು ಅಂದೆ. ನಮ್ಮ ಮರಕ್ಕೆ ಮೂವತ್ತು ವರ್ಷದಿಂದ ಕತ್ತರಿ ಹಾಕುವವನು ಅವನೇ.

"ಬುಡಕ್ಕೇನಾ" ಎಂದು ಮೂರು ಸಲ ಕೇಳಿದ.

"ಬುಡಕ್ಕೇ."

ಡಿಸೆಂಬರ್ ಮೊದಲ ಸೋಮವಾರ ಎಂದಾಯಿತು. ಸೋಮವಾರ ಕ್ಷೌರದಂಗಡಿಗಳಿಗೆ ರಜ.

ನನ್ನ ಗಂಡ ತೆಂಜಿ ಪೇಪರ್ ಹಿಂದಿನಿಂದ ಎಲ್ಲ ಕೇಳಿಸಿಕೊಂಡ. ಆತ ಮನೆ ಅಳಿಯ. ಮೂವತ್ತೈದು ವರ್ಷದ ಹಿಂದೆ ತನ್ನ ಮನೆತನದ ಹೆಸರು ಬಿಟ್ಟು ನಮ್ಮದನ್ನು ಇಟ್ಟುಕೊಂಡು ಬಂದ. ಮರದ ವಿಷಯದಲ್ಲಿ ತನಗೆ ಬಾಯಿಲ್ಲ ಎಂದು ಮೊದಲ ದಿನವೇ ತೀರ್ಮಾನಿಸಿಕೊಂಡವನು.

"ಏನಾದ್ರೂ ಹೇಳಿ" ಅಂದೆ.

"ನಿಮ್ಮ ತಾತನ ಮರ. ನಾನೇನು ಹೇಳ್ಲಿ."

"ನಿಮಗೇನು ಅನ್ಸುತ್ತೆ ಅಂತ ಕೇಳಿದ್ದು."

ಅವನು ಪೇಪರನ್ನು ಮಡಚಿದ, ಮತ್ತೆ ಬಿಡಿಸಿದ. "ಅದು ನನಗಿಂತ ಮೊದಲು ಬಂದಿದ್ದು ಈ ಮನೆಗೆ. ನಾನು ಬಂದಾಗ ಬಾಗಿಲಲ್ಲಿ ನಿಂತು ಬಾ ಅಂತ ಕರೆದಿದ್ದು ಅದೊಂದೇ" ಎಂದು ಹೇಳಿ ಪೇಪರಿನ ಹಿಂದೆ ಹೋದ. ಮೂವತ್ತೈದು ವರ್ಷದಲ್ಲಿ ಅಷ್ಟು ಉದ್ದದ ಮಾತು ಅವನ ಬಾಯಿಂದ ನಾನು ಕೇಳಿದ್ದು ಎರಡನೆಯ ಸಲ.

ಆದರೂ ನಾನು ಡಬ್ಬಿ ಹಿಡಿದುಕೊಂಡು ಹೊರಟೆ. ಮರ ಕಡಿಯುವ ಮುಂಚೆ ಓಣಿಗೆ ತಿಳಿಸಬೇಕು, ಸದ್ದಾಗುತ್ತದೆ, ಧೂಳಾಗುತ್ತದೆ. ನಿಜ ಹೇಳಬೇಕೆಂದರೆ, ಯಾರಾದರೂ ಒಬ್ಬರು ಬೇಡ ಅನ್ನಲಿ ಎಂದು ಹೊರಟದ್ದು. ಒಂದೇ ಒಂದು ಬಾಯಿ ಸಾಕಿತ್ತು ನನಗೆ.

ಒಗಿನೊ ತನ್ನದೇ ಡಬ್ಬಿ ತೆಗೆದುಕೊಂಡು ಹೇಳಿದ, "ಬಿಕೋ ಅನ್ನುತ್ತೆ ಓಣಿ."

ಅವನ ಮೇಲಿನ ಮನೆಯವರೂ ಅದನ್ನೇ ಅಂದರು, "ಬಿಕೋ ಅನ್ನುತ್ತೆ." ಅದರ ಮೇಲಿನ ಎರಡು ಮನೆಯವರೂ.

ಈ ಊರಿನಲ್ಲಿ ಹುಟ್ಟಿ ಬೆಳೆದವಳು ನಾನು. ಬಾಡಿಗೆಯವನು ಮನೆ ಬಿಟ್ಟಾಗ ಹೇಳುವ ಮಾತು ಇದು, ಗೊರಕೆ ಹೊಡೆಯುವ ಮಾವ ಸತ್ತಾಗಲೂ ಇದೇ. ಒಳಗೆ ಅಳು ಇದ್ದರೂ ಇದೇ ಮಾತು, ಒಳಗೆ ಹಬ್ಬ ಇದ್ದರೂ ಇದೇ ಮಾತು. ಮುಖ ನೋಡಿ ತಿಳಿದುಕೊಳ್ಳೋಣವೆಂದರೆ ಆ ಮುಖಗಳನ್ನು ವಾರ ವಾರ ನುಣ್ಣಗೆ ಹೆರೆದು ಏನೂ ಉಳಿಯದ ಹಾಗೆ ಮಾಡಿದವಳೂ ನಾನೇ.

ಮುರೋಯಾ ಅಜ್ಜಿ ಡಬ್ಬಿಯನ್ನು ಮುಟ್ಟಲಿಲ್ಲ. ಸೊಸೆ ಬಂದು ತೆಗೆದುಕೊಂಡಳು.

"ಹೌದಾ, ಕಡಿಸ್ತೀರಾ" ಅಂದಳು ಅಜ್ಜಿ. "ನಿಮ್ಮ ಕಷ್ಟ ತಪ್ಪಿತು ಬಿಡಿ. ಬಿಕೋ ಅನ್ನುತ್ತೆ."

ಬಾಯಿ ಒಣಗಿ ಕೊನೆಗೆ ಕುರೊಸು ಮನೆಗೆ ಹೋದೆ. ಅವನು ಡಬ್ಬಿ ನೋಡಿ ಹಿಗ್ಗಿದವನು, ವಿಷಯ ಕೇಳಿ ಅಲ್ಲೇ ಹೊಸ್ತಿಲ ಮೇಲೆ ಕುಕ್ಕರುಬಡಿದ.

"ಯಾಕಮ್ಮಾ. ಕಡೀಬೇಡಿ. ಎಷ್ಟು ಚೆನ್ನಾಗಿದೆ ಅದು."

ಅರ್ಧ ತಿಂಗಳಿಂದ ಪೊರಕೆ ಹಿಡಿದು ನನ್ನ ಮಾನ ಕಳೆದವನು, ಈಗ ಚೆನ್ನಾಗಿದೆ ಅನ್ನುತ್ತಾನೆ. ಗಾಯಕ್ಕೆ ಉಪ್ಪು ಸವರುವುದು ಅಂದರೆ ಇದೇ ಅಂದುಕೊಂಡೆ. ಇಡೀ ಓಣಿಯಲ್ಲಿ ನೆಟ್ಟಗೆ ಬೇಡ ಅಂದ ಬಾಯಿ ಅದೊಂದೇ, ನಾನು ಅದನ್ನು ನಂಬಲಿಲ್ಲ.

"ನಿಮಗೇ ಅನುಕೂಲ ಮೇಷ್ಟ್ರೇ, ಇನ್ನು ಆರಾಮಾಗಿ ಮಲಕ್ಕೊಳ್ಳಿ" ಎಂದು ಹೇಳಿ ಬಂದೆ.

ಆ ಸೋಮವಾರದ ಹಿಂದಿನ ರಾತ್ರಿ ಮೊದಲ ಇಬ್ಬನಿ ಹೆಪ್ಪುಗಟ್ಟಿತು. ಗಿಂಕೊದ ಗುಣವೇ ಅದು. ತಿಂಗಳೆಲ್ಲ ಹತ್ತಿಪ್ಪತ್ತು ಉದುರಿಸಿ ಆಟ ಆಡಿಸುತ್ತದೆ, ಆಮೇಲೆ ಒಂದು ಚಳಿಯ ಬೆಳಿಗ್ಗೆ ಗಾಳಿಯೇ ಇಲ್ಲದೆ ಮೈಮೇಲಿನದ್ದನ್ನೆಲ್ಲ ಒಟ್ಟಿಗೆ ಕಳಚುತ್ತದೆ. ಆರು ಗಂಟೆಗೆ ಎದ್ದು ಕಿವಿಗೊಟ್ಟು ಕೂತೆ. ಅಜ್ಜಿಯ ಪೊರಕೆಯ ಸದ್ದಿಲ್ಲ. ಆರೂಕಾಲಾಯಿತು, ಆರೂವರೆಯಾಯಿತು. ಮಳೆ ಸಣ್ಣಗೆ ಹನಿಯುವ ಹಾಗೆ ಎಲೆ ಬೀಳುವ ಸದ್ದು ಮಾತ್ರ.

ಬಾಗಿಲು ತೆಗೆದೆ. ಓಣಿ ಕಾಣಲಿಲ್ಲ. ತುದಿಯಿಂದ ಬುಡದವರೆಗೆ ಪಾದ ಮುಚ್ಚುವಷ್ಟು ಹಳದಿ. ಗಡಿ ಇಲ್ಲ, ಅಡಿ ಇಲ್ಲ, ಯಾರ ಮನೆಯ ಮುಂದೆ ಯಾವುದು ಅನ್ನುವ ಗುರುತಿಲ್ಲ. ಏಳು ಮನೆಯಲ್ಲಿ ಒಂದು ಮನೆಯ ಮುಂದೂ ಪೊರಕೆ ಆಡಿಲ್ಲ. ನನ್ನ ಐವತ್ತೊಂಬತ್ತು ವರ್ಷದಲ್ಲಿ ಹೀಗಾದದ್ದು ನೋಡಿಲ್ಲ. ಅಜ್ಜಿಯ ಗಂಡ ತೀರಿಕೊಂಡ ಬೆಳಿಗ್ಗೆಯೂ ಅಜ್ಜಿ ಆರಕ್ಕೆ ಗುಡಿಸಿದ್ದಳು. ಅಜ್ಜಿಗೇ ಏನೋ ಆಗಿದೆ ಎಂದು ಅವಳ ಬಾಗಿಲ ಕಡೆಗೆ ಹೆಜ್ಜೆ ಇಟ್ಟೆ. ಅಷ್ಟರಲ್ಲಿ ಅವಳ ಬಾಗಿಲು ಸರಿಯಿತು. ಅಜ್ಜಿ ಹೊಸ್ತಿಲ ಮೇಲೆ ಬಂದು ನಿಂತಳು, ಕೈಯಲ್ಲಿ ಪೊರಕೆ ಇಲ್ಲ. ಕೆಳಗೆ ಒಂದೊಂದೇ ಬಾಗಿಲು ಸರಿಯಿತು. ಯಾರ ಕೈಯಲ್ಲೂ ಪೊರಕೆ ಇಲ್ಲ. ಕುರೊಸು ಒಬ್ಬನ ಬಾಗಿಲು ಮುಚ್ಚಿತ್ತು. ಭಾನುವಾರ ಶಾಲೆಯ ಓಟದ ಪಂದ್ಯ ಇತ್ತಂತೆ, ಅದಕ್ಕೆ ಸೋಮವಾರ ರಜ, ಇನ್ನೂ ಮಲಗಿದ್ದ.

ಏಳು ಗಂಟೆಗೆ ಇನಾಬಾನ ಪುಟ್ಟ ಲಾರಿ ಓಣಿಯ ಬುಡಕ್ಕೆ ಬಂತು. ಹಸಿ ಗಿಂಕೊ ಎಲೆ ಎಣ್ಣೆ ಸವರಿದ ಹಾಗೆ. ಲಾರಿ ಎರಡು ಮಾರು ಏರಿತು, ಮೂರು ಮಾರು ಜಾರಿತು. ಮತ್ತೆ ಏರಿತು, ಮತ್ತೆ ಜಾರಿ ಒಗಿನೊ ಅಂಗಡಿಯ ಫಲಕಕ್ಕೆ ಗೇಣು ದೂರದಲ್ಲಿ ನಿಂತಿತು. ಇನಾಬಾ ಇಳಿದು, ಟೋಪಿ ತೆಗೆದು, ಓಣಿಯನ್ನು ನೋಡಿದ.

"ಒಗಿನೊ ಅವರೇ, ನಿಮ್ಮ ಮುಂದೆ ಒಂಚೂರು ಗುಡಿಸಿಕೊಟ್ರೆ ಲಾರಿ ಹತ್ತುತ್ತಿತ್ತು."

ಒಗಿನೊ ಸೊಂಟದ ಮೇಲೆ ಕೈಯಿಟ್ಟುಕೊಂಡ. "ಏನ್ ಮಾಡ್ಲಿ ಇನಾಬಾ, ಬೆಳಿಗ್ಗೆಯಿಂದ ಸೊಂಟ ಹಿಡ್ಕೊಂಬಿಟ್ಟಿದೆ. ಬಗ್ಗೋಕಾಗ್ತಿಲ್ಲ."

ಇನಾಬಾ ಮುಂದಿನ ಮನೆಗೆ ನಡೆದುಕೊಂಡು ಬಂದ. ಆ ಮನೆಯ ಯಜಮಾನನಿಗೂ ಸೊಂಟ. ಅವನ ಹೆಂಡತಿಗೂ ಸೊಂಟ. ಅದರ ಮೇಲಿನ ಮನೆಯಾಕೆ ನಿನ್ನೆ ತಾನೆ ಓಣಿಯಲ್ಲಿ ಸೈಕಲ್ ಹೊಡೆದುಕೊಂಡು ಹೋದವಳು, ಈಗ ಬಾಗಿಲ ಚೌಕಟ್ಟು ಹಿಡಿದು ಮುಲುಕುತ್ತಿದ್ದಳು.

"ನೀನೇ ಗುಡಿಸ್ಕೊಂಡು ಹೋಗಪ್ಪ" ಅಂದೆ ನಾನು ಮೇಲಿನಿಂದ.

"ಬೇರೆಯವರ ಮನೆ ಮುಂದೆ ನಾನು ಗುಡಿಸೋದಾ" ಅಂದ ಇನಾಬಾ. "ನಾಳೆಯಿಂದ ಈ ಊರಲ್ಲಿ ನನಗೆ ಕೆಲಸ ಸಿಗುತ್ತಾ ಅಕ್ಕಾ."

ಅವನು ಎಲೆಯಲ್ಲಿ ಕಾಲೆಳೆಯುತ್ತಾ ತುದಿಯವರೆಗೂ ಏರಿ ಬಂದು ಮುರೋಯಾ ಅಜ್ಜಿಯ ಮುಂದೆ ಬಗ್ಗಿ ನಿಂತ. ಅಜ್ಜಿಯ ಬೆನ್ನು ಬಿದಿರಿನ ಹಾಗೆ ನೆಟ್ಟಗಿತ್ತು.

"ಸೊಂಟ" ಅಂದಳು ಅಜ್ಜಿ, ಅಷ್ಟೇ.

ನನಗೆ ಆಗ ಹೊಳೆಯಿತು. ಒಬ್ಬರ ಜೊತೆ ಒಬ್ಬರು ಮಾತಾಡಿಕೊಂಡಿರಲಿಲ್ಲ, ಅದು ಖಂಡಿತ. ಜಾಲರಿ ಕಿಟಕಿಯಿಂದ ಅಜ್ಜಿಯ ಬಾಗಿಲನ್ನು ನೋಡಿದ್ದಾರೆ, ಅಜ್ಜಿ ಗುಡಿಸಿಲ್ಲ, ಅರ್ಥ ಮಾಡಿಕೊಂಡು ತಾವೂ ಗುಡಿಸಿಲ್ಲ. ಬಿಕೋ ಅನ್ನುತ್ತೆ ಎಂದದ್ದು ನಿಜವಾಗಿಯೂ ಬಿಕೋ ಅನ್ನುತ್ತೆ ಎಂದೇ. ಕಣ್ಣಲ್ಲಿ ನೀರು ಬಂತು. ಮುದುಕಿಯರ ಕಣ್ಣೀರಿಗೆ ಚಳಿಯ ನೆಪ ಇರುತ್ತದೆ, ಅದೊಂದು ಅನುಕೂಲ.

ಅಷ್ಟರಲ್ಲಿ ಕುರೊಸುವಿನ ಬಾಗಿಲು ದಡಾರನೆ ತೆರೆಯಿತು. ಪೀಪಿ ಕೊರಳಲ್ಲೇ ಇತ್ತು, ಕೈಯಲ್ಲಿ ಪೊರಕೆ. ಜಾರಿದ ಲಾರಿ ನೋಡಿದ, ಬಗ್ಗಿ ನಿಂತ ಇನಾಬಾನನ್ನು ನೋಡಿದ, ಸೊಂಟ ಹಿಡಿದುಕೊಂಡು ನಿಂತ ಐದು ಮನೆಯವರನ್ನು ನೋಡಿದ. ಅವನ ಮುಖ ಕರುಣೆಯಿಂದ ತುಂಬಿಹೋಯಿತು.

"ಎಲ್ಲರಿಗೂ ಸೊಂಟನೋವಾ. ನೀವ್ಯಾರೂ ಅಲ್ಲಾಡಬೇಡಿ, ನಾನಿದ್ದೀನಿ. ಹತ್ತು ನಿಮಿಷ ಸಾಕು, ಲಾರಿಗೆ ದಾರಿ ಮಾಡ್ಕೊಡ್ತೀನಿ."

ತೋಳು ಮಡಚಿ ಶುರು ಮಾಡಿಯೇಬಿಟ್ಟ. ಮೊದಲ ಬೀಸಿಗೇ ಒಂದು ಮಾರು ನೆಲ ಬೆಳ್ಳಗಾಯಿತು. ಎರಡನೆಯ ಬೀಸು. ಐದೂ ಮನೆಯವರು ಕೆಮ್ಮಿದರು. ಒಗಿನೊ, "ಮೇಷ್ಟ್ರೇ, ಟೀ ಕುಡಿದು ಹೋಗಬಹುದಿತ್ತು" ಅಂದ. ಸೈಕಲ್ ಹೊಡೆಯುವಾಕೆ, "ಶಾಲೆಗೆ ಹೊತ್ತಾಗಲಿಲ್ವಾ" ಅಂದಳು. ನಮ್ಮವರಿಗೆ ಬರುವ ಬೇಡಗಳು ಇಷ್ಟೇ. ಅವನು ಎಲ್ಲರಿಗೂ ನಗುತ್ತಾ, "ಪರವಾಗಿಲ್ಲ, ಪರವಾಗಿಲ್ಲ" ಅನ್ನುತ್ತಾ ಗುಡಿಸಿಕೊಂಡು ಇಳಿಯುತ್ತಿದ್ದ. ಇನ್ನು ನಾಲ್ಕು ಮನೆ ಇಳಿದರೆ ಲಾರಿ ಮೇಲೆ ಬರುತ್ತದೆ. ಬೇಡ ಅನ್ನಲು ನನಗೆಲ್ಲಿ ಬಾಯಿ. ಕಡಿಯಲು ಕರೆಸಿದವಳೇ ನಾನು.

ಮುರೋಯಾ ಅಜ್ಜಿ ಹೊಸ್ತಿಲು ಇಳಿದಳು. ಎಲೆಯನ್ನು ಒದ್ದುಕೊಂಡು ನನ್ನ ಮನೆ ದಾಟಿದಳು, ಓಣಿಯ ನಡುವೆ ನಿಂತಳು.

"ಏಯ್ ಮೇಷ್ಟ್ರೇ. ಪೊರಕೆ ಇಡೋ ಕೆಳಗೆ."

ಎಪ್ಪತ್ತೊಂಬತ್ತು ವರ್ಷದಲ್ಲಿ ಅಜ್ಜಿ ಯಾರಿಗೂ ಒಂದು ಮಾತು ನೆಟ್ಟಗೆ ಹೇಳಿದವಳಲ್ಲ. ಅವಳ ಸೊಸೆ ಬಾಗಿಲಲ್ಲಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ನೀನು ಗುಡಿಸಿದ್ರೆ ಲಾರಿ ಬರುತ್ತೆ. ಲಾರಿ ಬಂದ್ರೆ ಮರ ಹೋಗುತ್ತೆ. ನನಗೆ ಆ ಮರ ಬೇಕು" ಅಂದಳು ಅಜ್ಜಿ. "ಗಬ್ಬು ನಾರುತ್ತೆ, ಆದ್ರೂ ಬೇಕು. ಈಗ ತಿಳೀತಾ."

ಕುರೊಸು ಪೊರಕೆ ಕೆಳಗಿಟ್ಟ. "ನನಗೂ ಬೇಕು ಅಜ್ಜಿ. ಇವರಿಗೆ ಅವತ್ತೇ ಹೇಳಿದೆ, ಕಡೀಬೇಡಿ ಅಂತ. ನಿಮಗೆಲ್ಲ ಕಡಿಸೋದೇ ಬೇಕು ಅಂದ್ಕೊಂಡೆ."

"ಮತ್ತೆ ದಿನಾ ಎದ್ದು ಇಡೀ ಓಣಿ ಯಾಕೋ ಬಳೀತಿದ್ದೆ?"

"ನಮ್ಮೂರಲ್ಲಿ ಹಾಗೇ. ಹಿಮ ಬಿದ್ರೆ ಮೊದಲು ಎದ್ದವನು ಎಲ್ಲರ ಬಾಗಿಲೂ ಬಿಡಿಸ್ಬೇಕು" ಅಂದ ಅವನು. "ನಮ್ಮದಷ್ಟೇ ಬಿಡಿಸ್ಕೊಂಡು ಕೂತ್ರೆ ಪಕ್ಕದ ಮನೆ ಮುದುಕಪ್ಪ ಹಿಮ ಕರಗಿದ ಮೇಲೆ, ಬೇಸಿಗೇಲಿ ಸಿಗ್ತಾನೆ."

ಯಾರೋ ಕಿಸಕ್ಕೆಂದರು. ತೆಂಜಿ. ನನ್ನ ಗಂಡ ನನ್ನ ಹಿಂದೆ ಯಾವಾಗ ಬಂದು ನಿಂತಿದ್ದನೋ. ಅದೊಂದು ಕಿಸಕ್ಕಿನಿಂದ ಒಗಿನೊ ನಕ್ಕ, ಅವನಿಂದ ಮಿಕ್ಕವರು ನಕ್ಕರು. ಸೊಂಟನೋವಿನವರು ಅಷ್ಟು ಬಗ್ಗಿ ನಗುವುದು ಒಳ್ಳೆಯದಲ್ಲ.

ಇನಾಬಾ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ ನನ್ನ ಹತ್ತಿರ ಬಂದ. ಮೂವತ್ತು ವರ್ಷ ಆ ಮರ ಹತ್ತಿ ಇಳಿದವನು. "ಅಕ್ಕಾ, ಮರ ನಿಮ್ಮದು. ನಿಮ್ಮ ಮನೆ ಮುಂದೆ ನೀವು ಗುಡಿಸೋಕೆ ಶುರು ಮಾಡಿದ್ರೆ ಅವರೂ ಮಾಡಲೇಬೇಕಾಗುತ್ತೆ. ಏನು ಹೇಳ್ತೀರಿ?"

ಎಲ್ಲರೂ ನನ್ನನ್ನು ನೋಡಿದರು. ನಾನು ಮರ ನೋಡಿದೆ. ಮೈಮೇಲೆ ಎಲೆ ಇರಲಿಲ್ಲ, ಬರೀ ಕೊಂಬೆ, ಸ್ನಾನಕ್ಕೆ ಇಳಿದ ಮುದುಕಿಯ ಹಾಗೆ ನಾಚಿಕೆ ಬಿಟ್ಟು ನಿಂತಿತ್ತು. ನನ್ನ ಕೈ ತಾನಾಗಿಯೇ ಹಿಂದಕ್ಕೆ ಹೋಯಿತು.

"ನನಗೂ ಸೊಂಟ ಹಿಡಿದಿದೆ ಇನಾಬಾ" ಅಂದೆ.

ಇನಾಬಾ ಟೋಪಿಯನ್ನು ತಲೆಗೆ ಇಟ್ಟುಕೊಂಡು, "ಯಾವಾಗ ವಾಸಿಯಾಗಬಹುದು?" ಎಂದು ಮರ್ಯಾದೆಗೆ ಕೇಳಿದ.

"ಈ ವಯಸ್ಸಲ್ಲಿ ವಾಸಿಯಾಗೋ ನೋವಾ ಅದು" ಅಂದಳು ಅಜ್ಜಿ, ನನ್ನ ಪರವಾಗಿ.

ರಜದ ದಿನವಾದರೂ ಇನಾಬಾನನ್ನು ಒಳಗೆ ಕೂರಿಸಿ ಪುಕ್ಕಟೆ ಗಡ್ಡ ಹೆರೆದು ಕಳಿಸಿದೆ. ಅವನ ಲಾರಿ ಮೂಲೆ ತಿರುಗಿತೋ ಇಲ್ಲವೋ, ಓಣಿಯಲ್ಲಿ ಏಳು ಪೊರಕೆಗಳ ಸದ್ದು ಎದ್ದಿತು. ಮಧ್ಯಾಹ್ನದವರೆಗೂ ಗುಡಿಸಿದೆವು. ಅಜ್ಜಿ ಕುರೊಸುವನ್ನು ಗಡಿಯಲ್ಲಿ ನಿಲ್ಲಿಸಿಕೊಂಡು ಪೊರಕೆಯ ಹಿಡಿಯಿಂದ ನೆಲದ ಮೇಲೆ ಗೀರು ಎಳೆದು ತೋರಿಸಿದಳು.

"ಇಲ್ಲೀತನಕ. ಇದಕ್ಕಿಂತ ಕಮ್ಮಿ ಮಾಡಿದ್ರೆ ಜಿಪುಣ, ಜಾಸ್ತಿ ಮಾಡಿದ್ರೆ ಪೋಕರಿ."

"ಒಂದಡಿ ಮಾತ್ರ ಗುಡಿಸಿದ್ರೆ ಪಕ್ಕದವರಿಗೆ ಬೇಜಾರಾಗಲ್ವಾ ಅಜ್ಜಿ?"

"ಬೇಜಾರು ಮಾಡ್ಕೊಂಡವರು ಬಾಯಿ ಬಿಡಲ್ಲ. ಅಷ್ಟು ಸಾಕು."

ಮಾರನೆಯ ಬೆಳಿಗ್ಗೆ ಆರಕ್ಕೆ ಅಜ್ಜಿಯ ಪೊರಕೆಯ ಸದ್ದು ಬಂತು. ನಾನು ಹೊರಗೆ ಹೋದೆ. ಮರ ಬೋಳಾಗಿ ನಿಂತಿತ್ತು, ಗುಡಿಸುವುದಕ್ಕೆ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಆದರೂ ಗುಡಿಸಿದೆ. ಕೆಳಗಿನ ಮನೆಯಿಂದ ಕುರೊಸು ಗುಡಿಸಿಕೊಂಡು ಬಂದು ಗಡಿ ದಾಟಿ ನಿಂತ, ಪೊರಕೆ ಎತ್ತಿದ, ತಲೆ ಬಗ್ಗಿಸಿದ, ಒಂದು ಮಾತೂ ಆಡದೆ ಒಳಗೆ ಹೋದ. ಕಷ್ಟಪಟ್ಟು ಕಲಿತಿದ್ದ ಪಾಪ.

ಅವನ ಬಾಗಿಲು ಮುಚ್ಚಿದ ಮೇಲೆ ನಾನು ಗಡಿಯಲ್ಲಿ ಕೂತು ಅಳೆದು ನೋಡಿದೆ. ಒಂದಡಿಯ ಮೇಲೆ ಎರಡು ಬೆರಳು ಜಾಸ್ತಿ ಗುಡಿಸಿದ್ದ. ಕರೆದು ಹೇಳೋಣ ಅಂದುಕೊಂಡೆ. ಹೇಳಲಿಲ್ಲ. ನನ್ನ ಕಡೆಯಿಂದ ಅವನ ಮನೆ ಮುಂದೆ ಒಂದಡಿ ಎರಡು ಬೆರಳು ಗುಡಿಸಿ, ಅಜ್ಜಿ ನೋಡಲಿಲ್ಲ ತಾನೆ ಎಂದು ತಿರುಗಿ ನೋಡಿಕೊಂಡು ಒಳಗೆ ಬಂದೆ.